ತಾವರೆ ಮತ್ತು ಪಾಪಾಸುಕಳ್ಳಿ: ಬೇರಿಗೆ ಗಾಳಿ ತಲುಪುವ ಎರಡು ದಾರಿಗಳು

ತಾವರೆಯನ್ನೂ ಪಾಪಾಸುಕಳ್ಳಿಯನ್ನೂ ಒಂದೇ ಮನೆಯಲ್ಲಿ ಬೆಳೆಸುತ್ತೇನೆ ಎಂದು ಹೇಳಿದರೆ ಕೇಳಿದವರು ಮೊದಲು ಎತ್ತುವುದು ನೀರಿನ ಮಾತನ್ನೇ. ಒಂದು ಸದಾ ನೀರಿನಲ್ಲಿ ನಿಂತಿರುವ ಗಿಡ, ಇನ್ನೊಂದು ನೀರು ಹೆಚ್ಚಾದರೆ ಕೊಳೆತುಹೋಗುವ ಗಿಡ. ಇವೆರಡನ್ನೂ ಒಬ್ಬರೇ ನೋಡಿಕೊಳ್ಳುವುದು ಹೇಗೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸಹಜವಾದದ್ದೇ. ಆದರೆ ಎರಡನ್ನೂ ಬಹುಕಾಲದಿಂದ ಹತ್ತಿರದಿಂದ ನೋಡುತ್ತ ಬಂದಿರುವ ನನಗೆ, ನೀರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಗಾಳಿಯದ್ದು ಎಂದು ತೋರುತ್ತದೆ. ಮಣ್ಣಿನೊಳಗಿರುವ ಬೇರಿಗೆ ಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಎಷ್ಟು ನೀರು, ಎಂತಹ ಮಣ್ಣು, ಎಂತಹ ಕುಂಡ ಎಂಬ ಉಳಿದ ಪ್ರಶ್ನೆಗಳಿಗೆ ಉತ್ತರ ತಾನಾಗಿ ದೊರೆಯುತ್ತದೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಈ ಗಿಡಗಳು ಮನುಷ್ಯನಿಗೆ ಯಾವ ಬಗೆಯಲ್ಲಿ ಉಪಯೋಗಕ್ಕೆ ಬರುತ್ತವೆ ಎಂಬುದಕ್ಕೂ ಬಹುಮಟ್ಟಿಗೆ ಅದೇ ದೇಹರಚನೆಯೇ ಕಾರಣ.

ಬೇರು ಕೂಡ ಉಸಿರಾಡುತ್ತದೆ. ಎಲೆ ತಯಾರಿಸಿ ಕಳುಹಿಸಿದ ಸಕ್ಕರೆಯನ್ನು ಕರಗಿಸಿ ಶಕ್ತಿ ಪಡೆಯಲು ಅದಕ್ಕೆ ಆಮ್ಲಜನಕ ಬೇಕು. ಸಡಿಲವಾದ ಮಣ್ಣಿನಲ್ಲಿ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ. ಆ ಸಂದುಗಳಲ್ಲಿ ನೀರು ತುಂಬಿಕೊಂಡಾಗ ಆಮ್ಲಜನಕ ಬೇರನ್ನು ತಲುಪುವ ವೇಗ ಒಮ್ಮೆಲೇ ಕುಸಿಯುತ್ತದೆ, ಏಕೆಂದರೆ ಆಮ್ಲಜನಕ ನೀರಿನಲ್ಲಿ ಹರಡುವ ವೇಗವು ಗಾಳಿಯಲ್ಲಿ ಹರಡುವ ವೇಗಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ನೀರು ಹೆಚ್ಚಾಗಿ ಗಿಡ ಸತ್ತಿತು ಎಂದು ನಾವು ಹೇಳುವ ಬಹುತೇಕ ಸಂದರ್ಭಗಳಲ್ಲಿ ನಡೆದಿರುವುದು ಇದೇ: ಬೇರು ಮೊದಲು ಉಸಿರುಗಟ್ಟುತ್ತದೆ, ದುರ್ಬಲಗೊಂಡ ಬೇರಿಗೆ ಆಮೇಲೆ ಕೊಳೆರೋಗದ ಶಿಲೀಂಧ್ರ ತಗಲುತ್ತದೆ. ತಾವರೆ ಈ ಕಷ್ಟಕ್ಕೆ ತನ್ನ ದೇಹದಲ್ಲೇ ಪರಿಹಾರ ಕಂಡುಕೊಂಡಿದೆ. ಪಾಪಾಸುಕಳ್ಳಿಯ ದೇಹದಲ್ಲಿ ಅಂತಹ ಏರ್ಪಾಡಿಲ್ಲ. ನೀರು ನಿಲ್ಲದ ನೆಲದಲ್ಲಿ ಬೆಳೆದು ಬಂದ ಅದಕ್ಕೆ ಅದರ ಅಗತ್ಯವೇ ಬೀಳಲಿಲ್ಲ.

ತಾವರೆಯ ಸಸ್ಯಶಾಸ್ತ್ರೀಯ ಹೆಸರು ನೆಲುಂಬೊ ನ್ಯುಸಿಫೆರಾ. ನೋಡಲು ನೈದಿಲೆಯ ಹತ್ತಿರದ ಸಂಬಂಧಿಯಂತೆ ಕಂಡರೂ ಸಂಬಂಧ ಬಹಳ ದೂರದ್ದು. ವಂಶವಾಹಿಗಳ ಅಧ್ಯಯನದ ಪ್ರಕಾರ ಅದಕ್ಕೆ ಹೆಚ್ಚು ಹತ್ತಿರದವು ಪ್ರೋಟಿಯಾ ಮತ್ತು ಪ್ಲೇನ್ ಮರಗಳಂತಹ ನೆಲದ ಮೇಲಿನ ಸಸ್ಯಗಳು. ನೈದಿಲೆಯ ಎಲೆ ನೀರಿನ ಮೇಲೆ ಮಲಗಿರುತ್ತದೆ ಮತ್ತು ಅದರ ಅಂಚಿನಲ್ಲಿ ಒಂದು ಸೀಳು ಇರುತ್ತದೆ. ತಾವರೆಯ ಬೆಳೆದ ಎಲೆ ಸೀಳಿಲ್ಲದ ದುಂಡು ತಟ್ಟೆಯಾಗಿ ನೀರಿನಿಂದ ಮೇಲಕ್ಕೆ ಎದ್ದು ನಿಲ್ಲುತ್ತದೆ, ತೊಟ್ಟು ಎಲೆಯ ನಡುಮಧ್ಯಕ್ಕೆ ಸೇರಿರುತ್ತದೆ. ಆ ನಡುಮಧ್ಯವನ್ನು ಸಮೀಪದಿಂದ ನೋಡಬೇಕು. ಎಲೆಯ ಉಳಿದ ಭಾಗಕ್ಕಿಂತ ತಿಳಿಯಾದ ಬಣ್ಣದ ಒಂದು ಸಣ್ಣ ಬಿಲ್ಲೆ ಅಲ್ಲಿ ಕಾಣುತ್ತದೆ, ನರಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ. ಬಿಸಿಲಿಗೆ ಕಾದ ಎಲೆಯೊಳಗೆ ಗಾಳಿಯ ಒತ್ತಡ ಹೆಚ್ಚುತ್ತದೆ. ಆ ಗಾಳಿ ತೊಟ್ಟಿನ ಕೊಳವೆಗಳ ಮೂಲಕ ಕೆಸರಿನಲ್ಲಿರುವ ಗೆಡ್ಡೆಯವರೆಗೆ ಇಳಿದು, ಬೇರೆ ಕೊಳವೆಗಳ ಮೂಲಕ ಮೇಲೇರಿ, ಈ ಬಿಲ್ಲೆಯಲ್ಲಿರುವ ದೊಡ್ಡ ಪತ್ರರಂಧ್ರಗಳಿಂದ ಹೊರಬೀಳುತ್ತದೆ. ಆಮ್ಲಜನಕವಿಲ್ಲದ ಕಪ್ಪು ಕೆಸರಿನಲ್ಲಿ ಗೆಡ್ಡೆ ಕೊಳೆಯದೆ ಬಿಳಿಯಾಗಿ, ಗರಿಗರಿಯಾಗಿ ಉಳಿಯುವುದು ಈ ಗಾಳಿಯ ಹರಿವಿನಿಂದ. ಬಾಡಿದ ಎಲೆಯ ತೊಟ್ಟನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಬಾರದು ಎಂದು ಅನುಭವಸ್ಥರು ಹೇಳುವುದೂ ಇದೇ ಕಾರಣಕ್ಕೆ. ಹಾಗೆ ಕತ್ತರಿಸಿದರೆ ಗಾಳಿಯ ಕೊಳವೆಯ ಬಾಯಿ ನೀರಿನೊಳಗೆ ತೆರೆದುಕೊಂಡು ನೀರು ನೇರವಾಗಿ ಗೆಡ್ಡೆಗೆ ನುಗ್ಗುತ್ತದೆ. ನೀರಿಗಿಂತ ಒಂದು ಗೇಣು ಮೇಲೆ, ತೊಟ್ಟು ಪೂರ್ತಿ ಒಣಗಿದ ಮೇಲೆ ಕತ್ತರಿಸುವುದು ಸರಿಯಾದ ಕ್ರಮ.

ಹೀಗೆ ತನ್ನ ಗಾಳಿಯನ್ನು ತಾನೇ ಒದಗಿಸಿಕೊಳ್ಳುವ ಗಿಡಕ್ಕೆ ಮಣ್ಣು ಸಡಿಲವಾಗಿರಬೇಕೆಂಬ ನಿಯಮವಿಲ್ಲ. ತಾವರೆಗೆ ಬೇಕಾದದ್ದು ಭಾರವಾದ ಜೇಡಿಮಣ್ಣು ಅಥವಾ ಕೆರೆಯ ತಳದ ಗೋಡು. ಕುಂಡದ ಗಿಡಗಳಿಗೆಂದು ಮಾರುವ ಹಗುರವಾದ ಮಿಶ್ರಣ, ತೆಂಗಿನ ನಾರಿನ ಪುಡಿ, ಅರೆಬರೆ ಕೊಳೆತ ಗೊಬ್ಬರ ಇವೆಲ್ಲ ನೀರು ತುಂಬಿದೊಡನೆ ಮೇಲಕ್ಕೆ ತೇಲುತ್ತವೆ, ಉಳಿದದ್ದು ನೀರಿನಡಿಯಲ್ಲಿ ಕೊಳೆತು ದುರ್ವಾಸನೆ ಹುಟ್ಟಿಸುತ್ತದೆ. ತೊಟ್ಟಿಯ ತಳದಲ್ಲಿ ತೂತಿರಬಾರದು. ಅದು ಆಳಕ್ಕಿಂತ ಅಗಲವಾಗಿದ್ದು, ಸಾಧ್ಯವಾದಷ್ಟು ದುಂಡಗಿರಬೇಕು. ಗೆಡ್ಡೆಯ ತುದಿ ಸದಾ ಮುಂದಕ್ಕೆ ಚಲಿಸುತ್ತಿರುವುದರಿಂದ ಚೌಕಾಕಾರದ ತೊಟ್ಟಿಯ ಮೂಲೆಯಲ್ಲಿ ಸಿಕ್ಕಿಕೊಂಡು ಮುರಿಯುವ ಸಂಭವ ಹೆಚ್ಚು, ದುಂಡು ತೊಟ್ಟಿಯಲ್ಲಾದರೆ ಅದು ಗೋಡೆಯನ್ನು ಸವರಿಕೊಂಡು ಸುತ್ತುತ್ತ ಹೋಗುತ್ತದೆ. ಮಧ್ಯಮ ಗಾತ್ರದ ತಳಿಗಳಿಗೆ 45ರಿಂದ 60 ಸೆಂಟಿಮೀಟರ್ ಅಗಲದ ತೊಟ್ಟಿ ಸಾಕಾಗುತ್ತದೆ. ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಮೊಳಕೆಯ ತುದಿ ಸ್ವಲ್ಪ ಮೇಲ್ಮುಖವಾಗಿರುವಂತೆ ಮಣ್ಣಿನಲ್ಲಿ ಒತ್ತಬೇಕು. ಆ ತುದಿ ಎಳೆಯ ಬೆರಳಿನಷ್ಟು ಮೃದು. ಅದು ಮುರಿದರೆ ಗೆಡ್ಡೆಯ ಬೆಳವಣಿಗೆ ನಿಂತುಹೋಗಬಹುದು, ಹಾಗಾಗಿ ನೆಡುವ ಕೆಲಸದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾಗುವ ಘಟ್ಟ ಇದು.

ಆರಂಭದಲ್ಲಿ ಮಣ್ಣಿನ ಮೇಲೆ 5ರಿಂದ 10 ಸೆಂಟಿಮೀಟರ್ ನೀರಿದ್ದರೆ ಸಾಕು, ಏಕೆಂದರೆ ಕಡಿಮೆ ನೀರು ಬೇಗ ಬೆಚ್ಚಗಾಗುತ್ತದೆ ಮತ್ತು ತಾವರೆ ಎಚ್ಚರಗೊಳ್ಳುವುದು ಬೆಚ್ಚಗಿನ ನೀರಿನಲ್ಲಿ. ಮೊದಲು ಬರುವ ಎಲೆಗಳು ನಾಣ್ಯದಂತೆ ಚಿಕ್ಕದಾಗಿ ನೀರಿನ ಮೇಲೆ ತೇಲುತ್ತವೆ. ಆಮೇಲೆ ಎದ್ದು ನಿಲ್ಲುವ ಎಲೆಗಳು ಬರುತ್ತವೆ. ಗೊಬ್ಬರದ ವಿಷಯದಲ್ಲಿ ನಾನು ಪಾಲಿಸುವ ನಿಯಮ ಒಂದೇ: ಎದ್ದು ನಿಲ್ಲುವ ಎಲೆಗಳು ಮೂರು ನಾಲ್ಕು ಕಾಣುವವರೆಗೆ ಏನನ್ನೂ ಕೊಡುವುದಿಲ್ಲ. ಅಲ್ಲಿಯವರೆಗೆ ಗಿಡ ಗೆಡ್ಡೆಯಲ್ಲಿ ಕೂಡಿಟ್ಟ ಆಹಾರದಿಂದಲೇ ಬೆಳೆಯುತ್ತಿರುತ್ತದೆ, ಅದಕ್ಕೆ ಮೊದಲು ಹಾಕಿದ ಗೊಬ್ಬರವೆಲ್ಲ ಪಾಚಿಯ ಪಾಲಾಗುತ್ತದೆ. ಆ ಮೇಲೂ ಗೊಬ್ಬರವನ್ನು ನೀರಿಗೆ ಹಾಕದೆ, ಉಂಡೆ ಕಟ್ಟಿ, ಮಣ್ಣಿನ ಆಳಕ್ಕೆ, ಬೆಳೆಯುವ ತುದಿಯಿಂದ ದೂರಕ್ಕೆ ಹುದುಗಿಸಬೇಕು. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುವುದನ್ನು ಮರೆಯುವಂತಿಲ್ಲ. ತೊಟ್ಟಿಯಲ್ಲಿ ಗಪ್ಪಿಯಂತಹ ಕೆಲವು ಸಣ್ಣ ಮೀನುಗಳಿದ್ದರೆ ಮರಿಗಳನ್ನು ಅವು ತಿಂದು ಮುಗಿಸುತ್ತವೆ.

ಬೀಜದಿಂದ ತಾವರೆ ಬೆಳೆಸುವುದು ಇನ್ನೊಂದು ದಾರಿ. ಇದು ನಿಧಾನದ ದಾರಿಯಾದರೂ ಬೀಜವೇ ಒಂದು ಅಚ್ಚರಿಯಾದ್ದರಿಂದ ಅದನ್ನು ಹೇಳದೆ ಮುಂದೆ ಹೋಗಲಾರೆ. ಕಲ್ಲಿನಂತೆ ಗಟ್ಟಿಯಾದ ಅದರ ಹೊರಕವಚ ನೀರನ್ನು ಒಳಗೆ ಬಿಡುವುದೇ ಇಲ್ಲ. ಆ ಕವಚವನ್ನು ಒಂದು ಕಡೆ ಉಕ್ಕಿನ ಅರದಿಂದ ಉಜ್ಜಿ, ಒಳಗಿನ ತಿಳಿಬಣ್ಣದ ತಿರುಳು ಕಾಣುವಷ್ಟು ಸವೆಸಿ ಬೆಚ್ಚಗಿನ ನೀರಿಗೆ ಹಾಕಿದರೆ ಬೀಜ ಉಬ್ಬಿ ಕೆಲವೇ ದಿನಗಳಲ್ಲಿ ಹಸಿರು ಮೊಳಕೆ ಹೊರಬರುತ್ತದೆ. ಉಜ್ಜದೆ ಹಾಕಿದರೆ ವರ್ಷಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಈ ಕವಚದ ಬಲ ಎಷ್ಟೆಂಬುದಕ್ಕೆ ದಾಖಲೆಗಳಿವೆ. ಜಪಾನಿನ ಸಸ್ಯಶಾಸ್ತ್ರಜ್ಞ ಇಚಿರೊ ಓಗಾ ಅವರು 1951ರಲ್ಲಿ ಚಿಬಾ ಪ್ರದೇಶದ ಹಳೆಯ ಹೂಳಿನಲ್ಲಿ ಪತ್ತೆಹಚ್ಚಿದ, ಸುಮಾರು 2000 ವರ್ಷ ಹಳೆಯವೆಂದು ಅಂದಾಜಿಸಲಾದ ಬೀಜಗಳಲ್ಲಿ ಒಂದು ಮೊಳೆತು ಮರುವರ್ಷ ಹೂ ಬಿಟ್ಟಿತು. ಚೀನಾದ ಈಶಾನ್ಯ ಭಾಗದ ಬತ್ತಿದ ಕೆರೆಯೊಂದರ ತಳದಲ್ಲಿ ದೊರೆತು ಮೊಳೆತ ಬೀಜವೊಂದರ ವಯಸ್ಸು ಸುಮಾರು 1300 ವರ್ಷವೆಂದು ಇಂಗಾಲದ ಪರೀಕ್ಷೆಯಿಂದ ತಿಳಿದುಬಂದುದನ್ನು 1995ರಲ್ಲಿ ಜೇನ್ ಶೆನ್-ಮಿಲ್ಲರ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದರು. ಬೀಜದಿಂದ ಬಂದ ಗಿಡ ತಾಯಿಗಿಡದಂತೆಯೇ ಇರುತ್ತದೆಂಬ ಭರವಸೆಯಿಲ್ಲ. ಮೆಚ್ಚಿದ ಹೂವೇ ಬೇಕೆಂದರೆ ಗೆಡ್ಡೆಯನ್ನೇ ನೆಡಬೇಕು.

ಈಗ ಪಾಪಾಸುಕಳ್ಳಿಗೆ ಬರುತ್ತೇನೆ. ಈ ಗುಂಪಿನಲ್ಲಿ ಹಲವು ಜಾತಿಗಳಿದ್ದರೂ ಕೃಷಿಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಮೆಕ್ಸಿಕೊ ಮೂಲದ ಒಪುಂಟಿಯಾ ಫೈಕಸ್-ಇಂಡಿಕಾ. ನಾವು ಎಲೆಯೆಂದು ತಿಳಿಯುವ ಹಸಿರು ಹಾಳೆಗಳು ಅದರ ಕಾಂಡ. ನಿಜವಾದ ಎಲೆಗಳು ಎಳೆಯ ಹಾಳೆಯ ಮೇಲೆ ಅಕ್ಕಿಕಾಳಿನಷ್ಟು ಕೊಂಬುಗಳಂತೆ ಮೂಡಿ ಕೆಲವು ವಾರಗಳಲ್ಲಿ ಉದುರಿಹೋಗುತ್ತವೆ. ಹಾಳೆಯ ತೂಕದಲ್ಲಿ ನೂರಕ್ಕೆ ಸುಮಾರು 85ರಿಂದ 90 ಪಾಲು ನೀರೇ ಇರುತ್ತದೆ, ಮತ್ತು ಆ ನೀರನ್ನು ಲೋಳೆಯೊಂದು ಹಿಡಿದಿಟ್ಟುಕೊಂಡಿರುತ್ತದೆ. ಬೇರುಗಳು ಆಳಕ್ಕೆ ಹೋಗುವುದಿಲ್ಲ. ನೆಲದ ಮೇಲ್ಪದರದಲ್ಲೇ ಅಗಲವಾಗಿ ಹರಡಿ, ಒಂದು ಸಣ್ಣ ಮಳೆ ಬಿದ್ದೊಡನೆ ಹೊಸ ಎಳೆಬೇರುಗಳನ್ನು ಹೊರಡಿಸಿ ಸಿಕ್ಕಷ್ಟು ನೀರನ್ನು ಹೀರಿಕೊಳ್ಳುತ್ತವೆ, ನೆಲ ಒಣಗಿದಾಗ ಆ ಎಳೆಬೇರುಗಳು ಸಾಯುತ್ತವೆ. ಗಾಳಿಯಾಡುವ ಮೇಲ್ಪದರದಲ್ಲೇ ಬದುಕುವ ಇಂತಹ ಬೇರಿಗೆ ಜೇಡಿಮಣ್ಣಿನಲ್ಲಿ ನಿಂತ ನೀರು ಎಂದರೆ ಸಾವು.

ಪಾಪಾಸುಕಳ್ಳಿಯ ದಿನಚರಿಯೂ ತಾವರೆಯದಕ್ಕೆ ತಿರುಗುಮುರುಗು. ತಾವರೆಯ ಎಲೆ ಹಗಲಿನಲ್ಲಿ ರಂಧ್ರಗಳನ್ನು ತೆರೆದು, ಧಾರಾಳವಾಗಿ ನೀರನ್ನು ಆವಿಯಾಗಿಸುತ್ತ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತದೆ. ಪಾಪಾಸುಕಳ್ಳಿ ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿ, ತಂಪಾದ ರಾತ್ರಿಯಲ್ಲಿ ತೆರೆಯುತ್ತದೆ. ಒಳಗೆ ಬಂದ ಇಂಗಾಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನ ಬಿಸಿಲು ಬಂದಾಗ ಮುಚ್ಚಿದ ಬಾಗಿಲ ಹಿಂದೆ ಅದನ್ನು ಬಿಡಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ಇದನ್ನು ನಾಲಿಗೆಯಿಂದಲೇ ಪರೀಕ್ಷಿಸಬಹುದು. ಮುಂಜಾನೆ ಕೊಯ್ದ ಎಳೆಯ ಹಾಳೆ ಸ್ಪಷ್ಟವಾಗಿ ಹುಳಿಯಾಗಿರುತ್ತದೆ, ಅದೇ ಗಿಡದಿಂದ ಸಂಜೆ ಕೊಯ್ದ ಹಾಳೆಯಲ್ಲಿ ಹುಳಿ ಬಹಳ ತಗ್ಗಿರುತ್ತದೆ. ರಾತ್ರಿಯಿಡೀ ಕೂಡಿಟ್ಟ ಆಮ್ಲ ಹಗಲಿನಲ್ಲಿ ಖರ್ಚಾಗಿರುತ್ತದೆ. ಈ ಕಾರಣದಿಂದಲೇ ಪಾಪಾಸುಕಳ್ಳಿಗೆ ಬಿಸಿಲಷ್ಟೇ ತಂಪಾದ ರಾತ್ರಿಯೂ ಮುಖ್ಯ. ಹಗಲು 25 ಡಿಗ್ರಿ, ರಾತ್ರಿ 15 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇರುವಾಗ ಅದು ಚೆನ್ನಾಗಿ ಇಂಗಾಲ ಹಿಡಿಯುತ್ತದೆ. ರಾತ್ರಿಯೂ ಸೆಕೆ ತಗ್ಗದ ಜಾಗದಲ್ಲಿ ಗಿಡ ಬದುಕಿರುತ್ತದೆ, ಆದರೆ ಬೆಳವಣಿಗೆ ಮಂದವಾಗಿರುತ್ತದೆ. ಹಿಮ ಬೀಳುವಂತಹ ಚಳಿ ಈ ಜಾತಿಗೆ ಆಗಿಬರುವುದಿಲ್ಲ. ತಾಪಮಾನ ಸೊನ್ನೆಗಿಂತ ಐದಾರು ಡಿಗ್ರಿ ಕೆಳಕ್ಕೆ ಇಳಿದರೆ ಹಾಳೆಗಳಿಗೆ ದೊಡ್ಡ ಹಾನಿಯಾಗುತ್ತದೆ. ತಾವರೆಯಾದರೋ ಚಳಿಗಾಲದಲ್ಲಿ ಎಲೆಗಳನ್ನೆಲ್ಲ ಒಣಗಿಸಿಕೊಂಡು ಕೆಸರಿನಡಿಯ ಗೆಡ್ಡೆಯಾಗಿ ಮಲಗಿಬಿಡುತ್ತದೆ. ಮೇಲಿನ ನೀರು ಹೆಪ್ಪುಗಟ್ಟಿದರೂ ಗೆಡ್ಡೆಯಿರುವ ಆಳ ಹೆಪ್ಪುಗಟ್ಟದಿದ್ದರೆ ಮತ್ತೆ ಚಿಗುರುತ್ತದೆ. ನೀರಿನ ಗಿಡಕ್ಕಿಂತ ಮರುಭೂಮಿಯ ಗಿಡವೇ ಗಟ್ಟಿ ಎಂದು ನಂಬಿದವರಿಗೆ ಇದು ಅನಿರೀಕ್ಷಿತವೆನಿಸಬಹುದು.

ನೆಡುವ ಕ್ರಮ ಸುಲಭ, ಆದರೆ ತಾಳ್ಮೆ ಬೇಕು. ಒಂದು ವರ್ಷ ಬೆಳೆದ ಗಟ್ಟಿ ಹಾಳೆಯನ್ನು ಗಿಣ್ಣಿನಲ್ಲಿ ನೇರವಾಗಿ ಕತ್ತರಿಸಿ, ಗಾಯ ಒಣಗಿ ಗಟ್ಟಿ ಪೊರೆ ಕಟ್ಟುವವರೆಗೆ ಎರಡರಿಂದ ನಾಲ್ಕು ವಾರ ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಬೇಕು. ಆಮೇಲೆ ಅರ್ಧಕ್ಕಿಂತ ಕಡಿಮೆ ಭಾಗ ಮಣ್ಣಿನಲ್ಲಿರುವಂತೆ ನೆಟ್ಟಗೆ ನಿಲ್ಲಿಸಿ, ಬೇರು ಹಿಡಿಯುವವರೆಗೆ ನೀರನ್ನು ತಡೆಹಿಡಿಯಬೇಕು. ಬೇರಿಲ್ಲದ ಹಾಳೆ ನೀರನ್ನು ಕುಡಿಯಲಾರದು; ಹಾಕಿದ ನೀರು ಗಾಯದ ಸುತ್ತ ನಿಂತು ಕೊಳೆಗೆ ದಾರಿ ಮಾಡುತ್ತದೆ. ಕುಂಡಕ್ಕೆ ತೂತು ಕಡ್ಡಾಯ, ಮಣ್ಣಿನಲ್ಲಿ ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಅರ್ಧದಷ್ಟಾದರೂ ಇರಬೇಕು, ಉಪ್ಪಿನಂಶದ ಮಣ್ಣು ಬೇಡ. ನೀರು ಹಾಕುವಾಗ ತಳದಿಂದ ಸೋರುವಷ್ಟು ತುಂಬ ಹಾಕಿ, ಮತ್ತೆ ಮಣ್ಣು ಆಳದವರೆಗೆ ಒಣಗುವ ತನಕ ಕಾಯಬೇಕು. ದಿನಕ್ಕೊಂದು ಲೋಟ ಚಿಮುಕಿಸುವುದು ಅದಕ್ಕೆ ಮಾಡುವ ಉಪಕಾರವಲ್ಲ. ಬಾಯಾರಿದ ಹಾಳೆ ತೆಳ್ಳಗಾಗಿ ಮೇಲ್ಮೈಯಲ್ಲಿ ಸುಕ್ಕು ತೋರಿಸುತ್ತದೆ, ನೀರು ಸಿಕ್ಕ ಮೇಲೆ ಮತ್ತೆ ದಪ್ಪಗಾಗುತ್ತದೆ. ಆ ಸುಕ್ಕನ್ನು ನೋಡಲು ಕಣ್ಣು ಪಳಗಿದರೆ ನೀರಿನ ಲೆಕ್ಕ ಇಡುವ ಅಗತ್ಯವೇ ಇರುವುದಿಲ್ಲ.

ಎರಡೂ ಗಿಡಗಳು ಒಮ್ಮತದಿಂದ ಕೇಳುವುದು ಬಿಸಿಲನ್ನು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಸಿಗದ ಕಡೆ ತಾವರೆ ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ. ಪಾಪಾಸುಕಳ್ಳಿಯ ಹೊಸ ಹಾಳೆಗಳು ತೆಳ್ಳಗೆ, ಉದ್ದಕ್ಕೆ, ಬೆಳಕಿನ ಕಡೆ ಬಾಗಿ ಬರುತ್ತವೆ. ಮನೆಯೊಳಗಿನ ಕಿಟಕಿಯ ಬಳಿ ಎರಡನ್ನೂ ಇಡುವ ಯೋಚನೆಯನ್ನು ಬಿಡುವುದೇ ಒಳ್ಳೆಯದು.

ಕೀಟಗಳ ವಿಷಯದಲ್ಲಿ ಇವೆರಡರ ನಡುವಿನ ಅಂತರ ತೋಟಗಾರನ ಕೈಕೆಲಸದಲ್ಲೇ ಕಾಣಿಸುತ್ತದೆ. ಪಾಪಾಸುಕಳ್ಳಿಗೆ ಬಿಳಿ ಹತ್ತಿಯಂತಹ ಗಂಟುಗಳು ಅಂಟಿಕೊಂಡರೆ ಸಾಬೂನು ನೀರು ಸಿಂಪಡಿಸಿ, ರಭಸದ ನೀರಿನಿಂದ ತೊಳೆದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ತಾವರೆಯ ಎಲೆಗೆ ಹೇನು ಹತ್ತಿದಾಗ ಅದೇ ಸಾಬೂನು ನೀರು ಹೇನಿಗಿಂತ ಹೆಚ್ಚಾಗಿ ಎಲೆಗೇ ಕೆಡುಕು ಮಾಡುತ್ತದೆ. ತಾವರೆಯೆಲೆಯ ಮೇಲೆ ನೀರು ನಿಲ್ಲದು ಎಂಬ ಮಾತು ಎಷ್ಟು ಹಳೆಯದೋ, ಅದರ ಕಾರಣ ತಿಳಿದದ್ದು ಅಷ್ಟೇ ಇತ್ತೀಚೆಗೆ. ಜರ್ಮನಿಯ ಸಸ್ಯಶಾಸ್ತ್ರಜ್ಞ ವಿಲ್ಹೆಲ್ಮ್ ಬಾರ್ತ್‌ಲಾಟ್ ಅವರು ಎಲೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರ ಮೇಲ್ಮೈ ನುಣುಪಾಗಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ದಿಬ್ಬಗಳಿಂದ ತುಂಬಿದೆ, ಆ ದಿಬ್ಬಗಳ ಮೇಲೆ ಇನ್ನೂ ಸಣ್ಣ ಮೇಣದ ಕೊಳವೆಗಳಿವೆ ಎಂದು ಕಂಡುಕೊಂಡರು. ಕ್ರಿಸ್ಟೋಫ್ ನೈನ್‌ಹುಯಿಸ್ ಅವರೊಂದಿಗೆ 1997ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಸಂಗತಿ ಜಗತ್ತಿಗೆಲ್ಲ ತಿಳಿಯಿತು. ನೀರಿನ ಹನಿ ಆ ತುದಿಗಳ ಮೇಲಷ್ಟೇ ಕುಳಿತು, ಅಡಿಯಲ್ಲಿ ಗಾಳಿಯನ್ನು ಹಿಡಿದುಕೊಂಡು ಉರುಳುತ್ತದೆ ಮತ್ತು ಉರುಳುವಾಗ ಧೂಳನ್ನೂ ಎತ್ತಿಕೊಂಡು ಹೋಗುತ್ತದೆ. ಪತ್ರರಂಧ್ರಗಳೆಲ್ಲ ಎಲೆಯ ಮೇಲ್ಬದಿಯಲ್ಲೇ ಇರುವ ಈ ಗಿಡಕ್ಕೆ ಮೇಲ್ಮೈ ಸ್ವಚ್ಛವಾಗಿ, ಒಣಗಿ ಇರುವುದು ಉಸಿರಾಟದ ಪ್ರಶ್ನೆ. ನೀರಿನ ಮೇಲ್ಮೈಯ ಬಿಗಿಯನ್ನು ಸಾಬೂನು ತಗ್ಗಿಸುವುದರಿಂದ ಹನಿ ಉರುಳದೆ ಹರಡಿಕೊಳ್ಳುತ್ತದೆ, ಎಲೆ ನೆನೆಯುತ್ತದೆ, ಸುಡುತ್ತದೆ. ಹಾಗಾಗಿ ತಾವರೆಯ ಹೇನನ್ನು ನಾನು ಬರಿಯ ನೀರಿನಿಂದ ತೊಳೆದು ಮೀನುಗಳಿಗೆ ಬಿಡುತ್ತೇನೆ. ಇದೇ ಎಲೆಯ ತತ್ವವನ್ನು ಅನುಸರಿಸಿ ತಯಾರಿಸಿದ, ಮಳೆಯಲ್ಲಿ ತಾನೇ ಸ್ವಚ್ಛವಾಗುವ ಹೊರಗೋಡೆಯ ಬಣ್ಣ 1999ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಗಿಡವನ್ನು ತಿನ್ನದೆ, ಕೊಯ್ಯದೆ, ಕೇವಲ ನೋಡಿ ಪಡೆದ ಉಪಯೋಗ ಇದು, ಮತ್ತು ತಾವರೆಯ ಉಪಯೋಗಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು.

ಹೂಗಳ ಬಗ್ಗೆ ಎರಡು ಮಾತು. ತಾವರೆಯ ಹೂ ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಆಸ್ಟ್ರೇಲಿಯದ ಅಡಿಲೇಡಿನ ಸಸ್ಯೋದ್ಯಾನದಲ್ಲಿ ರೋಜರ್ ಸೆಮೂರ್ ಮತ್ತು ಪಾಲ್ ಶುಲ್ಟ್ಸೆ-ಮೋಟೆಲ್ ನಡೆಸಿದ ಅಳತೆಗಳಲ್ಲಿ ಹೊರಗೆ 10 ಡಿಗ್ರಿಯಷ್ಟು ತಂಪಿದ್ದಾಗಲೂ ಹೂವಿನೊಳಗಿನ ಉಷ್ಣತೆ 30 ಡಿಗ್ರಿಗಿಂತ ಮೇಲೇ ಉಳಿದಿತ್ತು. 1996ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಹೂ ಹೊರಗಿನ ಚಳಿಗೆ ತಕ್ಕಂತೆ ತನ್ನ ಶಾಖವನ್ನು ಹೆಚ್ಚಿಸಿಕೊಳ್ಳುತ್ತದೆ, ಇಳಿಸಿಕೊಳ್ಳುತ್ತದೆ. ಆ ಬೆಚ್ಚಗಿನ ಆಸರೆ ಪರಾಗ ಹೊರುವ ಜೀರುಂಡೆಗಳಿಗೆ ಅನುಕೂಲವಾಗುತ್ತದೆ. ಪಾಪಾಸುಕಳ್ಳಿಯ ಹಳದಿ ಹೂವಿನಲ್ಲಿ ಬೇರೊಂದು ವಿಶೇಷವಿದೆ. ಅರಳಿದ ಹೂವಿನ ಕೇಸರಗಳನ್ನು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಅವು ಒಂದೊಂದಾಗಿ ಒಳಮುಖವಾಗಿ ಬಾಗಿ ಮುಚ್ಚಿಕೊಳ್ಳುತ್ತವೆ. ಹೂವಿಗೆ ಇಳಿದ ಜೇನುಹುಳು ಅವುಗಳ ನಡುವೆ ನುಸುಳುತ್ತ ಮೈತುಂಬ ಪರಾಗ ಬಳಿದುಕೊಳ್ಳುತ್ತದೆ.

ಇನ್ನು ಉಪಯೋಗಗಳು. ತಾವರೆಯ ಗೆಡ್ಡೆಯನ್ನು ಅಡ್ಡಕ್ಕೆ ಕತ್ತರಿಸಿದಾಗ ಕಾಣುವ ಸುಂದರವಾದ ತೂತುಗಳು ಆ ಗಾಳಿಯ ಕೊಳವೆಗಳೇ. ಬೇಯಿಸಿದ ಮೇಲೂ ಅದು ಗರಿಗರಿಯಾಗಿ ಉಳಿಯುತ್ತದೆ. ಬೀಜವೂ ತಿನ್ನಲು ಯೋಗ್ಯ, ಆದರೆ ಅದರ ನಡುವಿನ ಹಸಿರು ಮೊಳಕೆ ಬಹಳ ಕಹಿ, ಅದನ್ನು ತೆಗೆದು ಬಳಸುತ್ತಾರೆ. ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ನೀರಿನ ಗಿಡಗಳ ಮೇಲೆ ಕರುಳಿನ ಚಪ್ಪಟೆ ಹುಳುವಿನ ಮರಿಗಳು ಅಂಟಿಕೊಂಡಿರುವ ಸಾಧ್ಯತೆ ಇರುವುದರಿಂದ ಗೆಡ್ಡೆಯನ್ನು ಹಸಿಯಾಗಿ ತಿನ್ನಬಾರದು. ಜೊತೆಗೆ ಕೆಸರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂತಹ ಲೋಹಗಳನ್ನು ತಾವರೆ ತನ್ನೊಳಗೆ ಎಳೆದುಕೊಳ್ಳಬಲ್ಲದು. ಕಾರ್ಖಾನೆಯ ಕೊಳಕು ಸೇರುವ ಕೆರೆಯಲ್ಲಿ ಬೆಳೆದ ಗೆಡ್ಡೆ ಎಷ್ಟು ಬಿಳಿಯಾಗಿ ಕಂಡರೂ ಆಹಾರವಲ್ಲ.

ತಾವರೆದಂಟನ್ನು ಮುರಿದು ಎರಡು ತುಂಡುಗಳನ್ನು ನಿಧಾನವಾಗಿ ದೂರ ಸರಿಸಿದರೆ ನಡುವೆ ಜೇಡನ ಎಳೆಗಿಂತ ನಯವಾದ ನೂಲುಗಳು ಉದ್ದಕ್ಕೆ ಬಿಚ್ಚಿಕೊಳ್ಳುತ್ತ ಬರುತ್ತವೆ. ಇವು ನೀರು ಸಾಗಿಸುವ ನಾಳಗಳ ಒಳಗೋಡೆಗೆ ಸುರುಳಿಯಾಗಿ ಸುತ್ತಿಕೊಂಡ ಆಸರೆಯ ಪಟ್ಟಿಗಳು. ಎಳೆದಾಗ ಸುರುಳಿ ಬಿಚ್ಚಿಕೊಂಡು ಎಳೆಯಾಗುತ್ತದೆ. ಮ್ಯಾನ್ಮಾರಿನ ಇನ್ಲೆ ಸರೋವರದ ನೇಕಾರರು ಈ ಎಳೆಗಳನ್ನು ಒದ್ದೆ ಮೇಜಿನ ಮೇಲೆ ಹೊಸೆದು ನೂಲು ಮಾಡಿ ಬಟ್ಟೆ ನೇಯುತ್ತಾರೆ. ಒಂದು ಚಿಕ್ಕ ಬಟ್ಟೆಗೂ ಸಾವಿರಾರು ದಂಟುಗಳು ಬೇಕಾಗುವುದರಿಂದ ಇದು ಯಂತ್ರಕ್ಕೆ ಒಗ್ಗದ ಕೆಲಸವಾಗಿಯೇ ಉಳಿದಿದೆ.

ಪಾಪಾಸುಕಳ್ಳಿಯ ಉಪಯೋಗಗಳು ಬರಗಾಲದೊಂದಿಗೆ ಹೆಣೆದುಕೊಂಡಿವೆ. ಎಳೆಯ ಹಾಳೆ ತರಕಾರಿಯಾಗುತ್ತದೆ, ಹಣ್ಣು ಸಿಹಿಯಾಗಿ ರಸಭರಿತವಾಗಿರುತ್ತದೆ. ಹಣ್ಣಿನ ಕೆಂಪು ಬಣ್ಣಕ್ಕೆ ಕಾರಣ ಬೀಟ್‌ರೂಟಿನಲ್ಲಿರುವ ಗುಂಪಿನದೇ ವರ್ಣದ್ರವ್ಯ. ಮುಳ್ಳಿಲ್ಲದ ತಳಿಯೆಂದು ಹೆಸರಾದವುಗಳನ್ನೂ ಬರಿಗೈಯಲ್ಲಿ ಮುಟ್ಟಬಾರದು. ದೊಡ್ಡ ಮುಳ್ಳಿಲ್ಲದಿದ್ದರೂ ಹಾಳೆಯ ಪ್ರತಿಯೊಂದು ಕಣ್ಣಿನಲ್ಲಿ ಕೂದಲಿಗಿಂತ ಸಣ್ಣ ಮುಳ್ಳುಗಳ ಗೊಂಚಲು ಇರುತ್ತದೆ. ಅವುಗಳ ಮೈಮೇಲೆ ಹಿಮ್ಮುಖದ ಕೊಕ್ಕೆಗಳಿರುವುದರಿಂದ ಚರ್ಮಕ್ಕೆ ಹೊಕ್ಕರೆ ಸುಲಭವಾಗಿ ಹೊರಬರುವುದಿಲ್ಲ. ಹಾಳೆಯನ್ನು ಇಕ್ಕಳದಿಂದ ಹಿಡಿದು, ಬೆಂಕಿಯ ಮೇಲೆ ಸುಟ್ಟು ಅಥವಾ ಗಟ್ಟಿ ಕುಂಚದಿಂದ ಉಜ್ಜಿ ಬಳಸಬೇಕು. ಮೇವು ಬತ್ತಿದ ಕಾಲದಲ್ಲಿ ಈ ಹಾಳೆಗಳು ದನಕರುಗಳಿಗೆ ಮೇವೂ ಹೌದು, ನೀರೂ ಹೌದು. ಆದರೆ ಅದರಲ್ಲಿ ಪ್ರೋಟೀನ್ ಬಹಳ ಕಡಿಮೆ, ನಾರೂ ಕಡಿಮೆ. ಅದನ್ನೇ ತಿನ್ನಿಸಿದರೆ ಭೇದಿಯಾಗುತ್ತದೆ. ಒಣಹುಲ್ಲು ಮತ್ತು ಹಿಂಡಿಯ ಜೊತೆ ಬೆರೆಸಿದಾಗಲೇ ಅದು ಸರಿಯಾದ ಮೇವು. ಬರವನ್ನು ಗೆಲ್ಲುವ ಗಿಡವೆಂದು ಇದನ್ನು ಹೊಗಳುವವರು ಈ ಮಾತನ್ನೂ ಕೂಡಿಸಿ ಹೇಳಬೇಕೆಂದು ನನ್ನ ಬಲವಾದ ಅಭಿಪ್ರಾಯ, ಏಕೆಂದರೆ ಅರ್ಧ ಮಾಹಿತಿಯ ಬೆಲೆಯನ್ನು ತೆರುವುದು ಬಾಯಿಲ್ಲದ ಪ್ರಾಣಿ.

ಗಿಡಕ್ಕಾಗಿ ನೀರನ್ನು ಹಿಡಿದಿಡುವ ಆ ಲೋಳೆ ಮನುಷ್ಯನಿಗೂ ಕೆಲಸಕ್ಕೆ ಬರುತ್ತದೆ. ಕದಡಿದ ನೀರಿಗೆ ಅದನ್ನು ಬೆರೆಸಿದರೆ ತೇಲುತ್ತಿರುವ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ತಳಕ್ಕೆ ಇಳಿಯುತ್ತವೆ. ಲ್ಯಾಟಿನ್ ಅಮೆರಿಕದಲ್ಲಿ ಹಿಂದಿನಿಂದ ರೂಢಿಯಲ್ಲಿದ್ದ ಈ ಕ್ರಮವನ್ನು ಅಮೆರಿಕದ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ನಾರ್ಮಾ ಅಲ್ಕಾಂಟಾರ್ ಅವರ ತಂಡ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ನೋಡಿದೆ. ತಿಳಿಯಾದ ನೀರು ಕುಡಿಯಲು ಸುರಕ್ಷಿತವಾದ ನೀರೆಂದಲ್ಲ. ಕುದಿಸುವ ಅಥವಾ ಬೇರೆ ರೀತಿಯಲ್ಲಿ ಶುದ್ಧೀಕರಿಸುವ ಹಂತ ಇದ್ದೇ ಇರುತ್ತದೆ.

ಹಾಳೆಗೆ ಅಂಟುವ ಬಿಳಿ ಹತ್ತಿಯಂತಹ ಕೀಟವನ್ನು ಆಗಲೇ ಹೇಳಿದೆ. ಅದೇ ಕುಲದ ಒಂದು ಜಾತಿ, ಡ್ಯಾಕ್ಟೈಲೋಪಿಯಸ್ ಕೋಕಸ್, ಕಾಚಿನೀಲ್ ಎಂಬ ಕಡುಗೆಂಪು ಬಣ್ಣದ ಮೂಲ. ಒಣಗಿದ ಕೀಟದ ತೂಕದಲ್ಲಿ ಐದನೇ ಒಂದು ಪಾಲಿನಷ್ಟು, ಈ ಬಣ್ಣ ಕೊಡುವ ಕಾರ್ಮಿನಿಕ್ ಆಮ್ಲವಿರುತ್ತದೆ. ಒಂದು ಕಿಲೋ ಒಣಗಿದ ಕೀಟಕ್ಕೆ ಸುಮಾರು ಒಂದೂವರೆ ಲಕ್ಷ ಕೀಟಗಳು ಬೇಕು. ಆಹಾರದ ಪೊಟ್ಟಣದ ಮೇಲೆ ಇ120 ಎಂದು ಬರೆದಿದ್ದರೆ ಅದು ಈ ಬಣ್ಣ. ಇದರ ಆಸೆಯೇ ಪಾಪಾಸುಕಳ್ಳಿಯನ್ನು ಖಂಡದಿಂದ ಖಂಡಕ್ಕೆ ಸಾಗಿಸಿದ ಕಾರಣಗಳಲ್ಲಿ ಒಂದು. 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ತಂದ ಕೀಟ ನಿಜವಾದ ಕಾಚಿನೀಲ್ ಆಗಿರಲಿಲ್ಲ. ಅದರಿಂದ ಒಳ್ಳೆಯ ಬಣ್ಣ ದೊರೆಯಲಿಲ್ಲ, ಬದಲಿಗೆ ಅಲ್ಲಿ ಹಬ್ಬಿದ್ದ ಒಂದು ಜಾತಿಯ ಕಳ್ಳಿಯನ್ನು ಅದು ತಿಂದು ಹತೋಟಿಗೆ ತಂದಿತು. ಆಸ್ಟ್ರೇಲಿಯದಲ್ಲಿ ಕಳ್ಳಿಯ ಹಾವಳಿ ಇನ್ನೂ ಭಯಾನಕವಾಗಿತ್ತು. 1920ರ ದಶಕದ ಹೊತ್ತಿಗೆ ಅಲ್ಲಿ ಸುಮಾರು 2.4 ಕೋಟಿ ಹೆಕ್ಟೇರ್ ನೆಲ ಕಳ್ಳಿಯ ಪಾಲಾಗಿ, ಜನರು ಜಮೀನು ಬಿಟ್ಟು ಹೋಗುವಂತಾಯಿತು. ಅರ್ಜೆಂಟೀನಾದಿಂದ ತಂದು 1926ರಿಂದ ಬಿಡುಗಡೆ ಮಾಡಿದ ಕ್ಯಾಕ್ಟೊಬ್ಲಾಸ್ಟಿಸ್ ಪತಂಗದ ಹುಳುಗಳು ಹಾಳೆಗಳನ್ನು ಒಳಗಿನಿಂದ ಕೊರೆದು ಕೆಲವೇ ವರ್ಷಗಳಲ್ಲಿ ಆ ಕಾಡನ್ನು ಕೊಳೆಯಿಸಿಬಿಟ್ಟವು. ಕ್ವೀನ್ಸ್‌ಲ್ಯಾಂಡಿನ ಬೂನಾರ್ಗಾದಲ್ಲಿ ಆ ಹುಳುವಿನ ಹೆಸರಿನಲ್ಲಿ ಒಂದು ಸ್ಮಾರಕ ಸಭಾಭವನವೇ ಇದೆ. ಅದೇ ಪತಂಗ 1989ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡು, ಅಲ್ಲಿನ ಮೂಲನಿವಾಸಿ ಕಳ್ಳಿಗಳಿಗೆ ಈಗ ಕುತ್ತಾಗಿದೆ.

ಯಾವುದನ್ನು ಬೆಳೆಸಬೇಕೆಂದು ಕೇಳುವವರಿಗೆ ನಾನು ಕೊಡುವ ಉತ್ತರ ಅವರ ಸಮಯವನ್ನು ಅವಲಂಬಿಸಿರುತ್ತದೆ. ಬೆಳೆಯುವ ಕಾಲದಲ್ಲಿ ತಾವರೆಯ ತೊಟ್ಟಿಯನ್ನು ದಿನವೂ ನೋಡಬೇಕು, ಬೇಸಿಗೆಯಲ್ಲಿ ಇಳಿದ ನೀರನ್ನು ತುಂಬಬೇಕು, ಒಂದೆರಡು ವರ್ಷಕ್ಕೊಮ್ಮೆ ಚಿಗುರುವ ಮುನ್ನ ಕೆಸರಿಗೆ ಕೈಹಾಕಿ ಒತ್ತೊತ್ತಾದ ಗೆಡ್ಡೆಗಳನ್ನು ಬಿಡಿಸಿ ಮರಳಿ ನೆಡಬೇಕು. ಇಷ್ಟು ಮಾಡಿದರೆ ಒಳ್ಳೆಯ ಗೆಡ್ಡೆ ಮೊದಲ ವರ್ಷವೇ ಹೂ ಕೊಡುತ್ತದೆ. ಪಾಪಾಸುಕಳ್ಳಿ ವಾರಗಟ್ಟಲೆ ಮನೆಯಿಂದ ದೂರವಿರುವವರಿಗೂ ಒದಗುತ್ತದೆ, ಆದರೆ ಹಣ್ಣಿಗೆ ಎರಡು ಮೂರು ವರ್ಷ ಕಾಯಿಸುತ್ತದೆ. ಬಿಡಿಸಿದ ಹೆಚ್ಚುವರಿ ತಾವರೆಗೆಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ತುದಿ ಮುರಿಯದಂತೆ ಬೇಗ ಇನ್ನೊಬ್ಬರಿಗೆ ತಲುಪಿಸಬೇಕು, ಒಣಗಿದರೆ ಅದು ಸಾಯುತ್ತದೆ. ಕತ್ತರಿಸಿದ ಪಾಪಾಸುಕಳ್ಳಿಯ ಹಾಳೆಗೆ ಅಂತಹ ಆತುರವಿಲ್ಲ, ಅದರಲ್ಲಿ ಬೇರೆ ಬಗೆಯ ಹೊಣೆಯಿದೆ: ಅದನ್ನು ಬಯಲಿಗೆ, ಹಳ್ಳದ ದಡಕ್ಕೆ ಎಸೆಯಬಾರದು. ಬಿದ್ದಲ್ಲೇ ಬೇರುಬಿಡುವ ಹಾಳೆಯಷ್ಟೇ ಅಲ್ಲ, ನೆಲಕ್ಕೆ ಉದುರಿದ ಕಾಯಿಯ ಸಿಪ್ಪೆಯ ಕಣ್ಣುಗಳಿಂದಲೂ ಹೊಸ ಗಿಡ ಹೊರಡಬಲ್ಲದು. ಕಳೆಯಬೇಕಾದದ್ದನ್ನು ಸಣ್ಣದಾಗಿ ಕೊಚ್ಚಿ, ಗಟ್ಟಿ ಚೀಲದಲ್ಲಿ ಕಟ್ಟಿ ಬಿಸಿಲಿನಲ್ಲಿ ಪೂರ್ತಿ ಕೊಳೆಯಲು ಬಿಟ್ಟು, ಆಮೇಲೆ ಗೊಬ್ಬರದ ಗುಂಡಿಯ ಆಳಕ್ಕೆ ಹಾಕುವುದು ನಾನು ಅನುಸರಿಸುತ್ತಿರುವ ಕ್ರಮ.